ಹಳೆಯ ರೋಲೆಕ್ಸ್: ಮಾರುವ ಮೊದಲು, ಮಾರುವಾಗ

ಮನೆಯಲ್ಲಿರುವ ಹಳೆಯ ವಾಚನ್ನು ಮಾರೋಣ ಎಂದು ತೀರ್ಮಾನವಾದ ಕೂಡಲೇ ಬಹುತೇಕ ಎಲ್ಲರೂ ಮಾಡುವ ಮೊದಲ ಕೆಲಸ ಅದನ್ನು ತಿಕ್ಕಿ ಹೊಳೆಯಿಸುವುದು. ದಯವಿಟ್ಟು ಬೇಡ. ಪಾಲಿಶ್‌ಗೆ ಕೊಡಬೇಡಿ, ಡಯಲ್‌ಗೆ ಬಣ್ಣ ಹಾಕಿಸಬೇಡಿ, ಮುಳ್ಳು ಬದಲಿಸಬೇಡಿ, ಸಡಿಲವಾದ ಚೈನ್ ಕಿತ್ತು ಹೊಸದು ಹಾಕಿಸಬೇಡಿ. ಮದುವೆಯ ಉಡುಗೊರೆಗಾಗಿ ವಾಚು ಕೊಳ್ಳುವವರಿಗೆ ಹೊಳಪು ಬೇಕು. ಸಂಗ್ರಾಹಕರಿಗೆ ಬೇಕಾದದ್ದು ಬೇರೆ: ಕಾರ್ಖಾನೆಯಿಂದ ಹೊರಟ ದಿನದಿಂದ ಈವರೆಗೆ ಆ ವಾಚಿನ ಮೇಲೆ ಯಾರ ಕೈ ಎಷ್ಟು ಆಡಿದೆ ಎಂಬುದರ ಲೆಕ್ಕ. ಆಡದಷ್ಟೂ ಬೆಲೆ ಹೆಚ್ಚು.

ನಾನು ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ಕಾರ್ಖಾನೆಯಲ್ಲಿ ಮಷಿನ್ ಜೋಡಿಸುವ ವಿಭಾಗದಲ್ಲಿ ಕೆಲಸ ಮಾಡಿದವಳು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಶುರುವಾದ ಕಾರ್ಖಾನೆ ಅದು. ಅಲ್ಲಿ ಉದ್ದನೆಯ ಮೇಜುಗಳ ಮುಂದೆ ಸಾಲಾಗಿ ಕುಳಿತು, ಕಣ್ಣಿಗೆ ಲೆನ್ಸ್ ಸಿಕ್ಕಿಸಿಕೊಂಡು, ಚಿಮುಟದಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂ ಎತ್ತಿ ಕೂರಿಸುತ್ತಿದ್ದ ನಮ್ಮಲ್ಲಿ ಬಹಳ ಮಂದಿ ಹೆಂಗಸರು. ನಿವೃತ್ತಿಯಾದ ಮೇಲೆ ನೆಂಟರು, ನೆಂಟರ ಗೆಳೆಯರು ತಮ್ಮ ತಂದೆಯ, ಅಜ್ಜನ ಒಮೆಗಾ, ಫಾವ್ರ್ ಲೂಬಾ, ರೋಲೆಕ್ಸ್ ತಂದು ನನ್ನ ಮುಂದಿಡುತ್ತಾರೆ. ಮಾರಿಕೊಡುವುದು ನನ್ನ ದಂಧೆಯಲ್ಲ. ಮಾರುವವರ ಪಕ್ಕದಲ್ಲಿ ಕುಳಿತು ಅವರು ಮೋಸಹೋಗದಂತೆ ನೋಡಿಕೊಳ್ಳುತ್ತೇನೆ.

ಒಂದೇ ವಾಚನ್ನು ಮುಂದಿಟ್ಟುಕೊಂಡು ಹೇಳಿದರೆ ಸುಲಭ. ಮಂಗಳೂರಿನಲ್ಲಿರುವ ನನ್ನ ನಾದಿನಿಯ ಗಂಡ ಹಡಗಿನಲ್ಲಿ ಎಂಜಿನಿಯರ್ ಆಗಿದ್ದವರು. 1968ರಲ್ಲಿ ಸಿಂಗಪುರದಲ್ಲಿ ಒಂದು ರೋಲೆಕ್ಸ್ ಸಬ್‌ಮರೀನರ್ ಕೊಂಡರು, ನೀರಿನಾಳಕ್ಕೆ ಮುಳುಗುವವರಿಗಾಗಿ ಮಾಡಿದ ವಾಚು, ಮಾಡೆಲ್ ಸಂಖ್ಯೆ 5513. ಎಂಜಿನ್ ಕೋಣೆಯ ಬಿಸಿಯಲ್ಲೂ ಎಣ್ಣೆಯಲ್ಲೂ ಅದನ್ನೇ ಕಟ್ಟಿಕೊಂಡು ಓಡಾಡಿದರು. ಅವರು ತೀರಿಕೊಂಡ ಮೇಲೆ ನಾದಿನಿ ಫೋನ್ ಮಾಡಿ, “ಅತ್ತಿಗೆ, ಒಬ್ಬರು ಬಂದು ಇದಕ್ಕೆ ನಲವತ್ತು ಸಾವಿರ ಕೊಡುತ್ತೇನೆ ಅನ್ನುತ್ತಿದ್ದಾರೆ, ಕೊಟ್ಟುಬಿಡಲೇ?” ಎಂದು ಕೇಳಿದಳು. ಬೇಡ, ಡಬ್ಬಿಯಲ್ಲಿಟ್ಟು ಮುಚ್ಚು, ನಾನು ಬರುತ್ತೇನೆ ಎಂದೆ.

5513 ಮಾಡೆಲ್ 1962ರಿಂದ 1989ರವರೆಗೂ ತಯಾರಾಯಿತು. ಆದ್ದರಿಂದ ಮಾಡೆಲ್ ಮಾತ್ರ ನೋಡಿದರೆ ಅಪರೂಪವಲ್ಲ. ಡಯಲ್, ಮುಳ್ಳು, ಕೇಸ್, ಮಷಿನ್ ಎಲ್ಲವೂ ಒಟ್ಟಿಗೆ ಹುಟ್ಟಿ ಒಟ್ಟಿಗೇ ಉಳಿದಿರುವ 5513 ಅಪರೂಪ. ನಿಮ್ಮ ಕೈಯಲ್ಲಿರುವುದು ಆ ಬಗೆಯದೇ ಎಂದು ತೋರಿಸುವುದರಲ್ಲಿ ಮಾರಾಟದ ಮುಕ್ಕಾಲು ಕೆಲಸ ಮುಗಿಯುತ್ತದೆ.

ಅದಕ್ಕೂ ಮೊದಲು ಮನೆಯೊಳಗಿನ ಮಾತು ಮುಗಿಸಿ. ವಾಚು ಯಾರ ಹೆಸರಿನಲ್ಲೂ ನೋಂದಣಿಯಾಗಿರುವುದಿಲ್ಲ, ಹಾಗಾಗಿ ಎಲ್ಲರೂ ತಮ್ಮದೇ ಎಂದುಕೊಳ್ಳುತ್ತಾರೆ. ಹೆಂಡತಿ, ಮಕ್ಕಳು, ಉಯಿಲು ಇದ್ದರೆ ಅದರಲ್ಲಿ ಹೆಸರಿರುವವರು, ಎಲ್ಲರೂ ಸಹಿ ಹಾಕಿದ ಒಂದು ಪುಟದ ಒಪ್ಪಿಗೆ ಪತ್ರ, ಜೊತೆಗೆ ಮರಣ ಪ್ರಮಾಣಪತ್ರದ ಪ್ರತಿ ಇರಲಿ. ದೊಡ್ಡ ಮೊತ್ತ ಕೊಡುವ ಸಂಗ್ರಾಹಕರು ಇದನ್ನು ಕೇಳಿಯೇ ಕೇಳುತ್ತಾರೆ. ಕಳವಾದ ವಾಚುಗಳ ಸಂಖ್ಯೆ ದಾಖಲಿಸುವ ‘ವಾಚ್ ರಿಜಿಸ್ಟರ್’ ಎಂಬ ಅಂತರರಾಷ್ಟ್ರೀಯ ಪಟ್ಟಿಯಲ್ಲೂ ಹುಡುಕುತ್ತಾರೆ. ಅದರಿಂದ ಬೇಸರಪಡಬೇಡಿ, ಹಾಗೆ ಹುಡುಕುವವರೇ ನಿಜವಾಗಿ ಕೊಳ್ಳುವವರು.

ಈಗ ವಾಚನ್ನು ಓದಬೇಕು. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಲೆನ್ಸ್, ಮೆತ್ತನೆಯ ಬಟ್ಟೆ ಹಾಸಿದ ಮೇಜು, ಕಿಟಕಿಯ ಬೆಳಕು ಸಾಕು. ಮೊದಲು ಡಯಲ್. ನಾದಿನಿಯ ವಾಚಿನಲ್ಲಿ ಆರರ ಮೇಲ್ಭಾಗದಲ್ಲಿ ಆಳದ ಅಳತೆ ಬರೆದಿತ್ತು: 200 ಮೀಟರ್ ಮೊದಲು, 660 ಅಡಿ ಆಮೇಲೆ. 1969ರ ಸುಮಾರಿಗೆ ರೋಲೆಕ್ಸ್ ಈ ಕ್ರಮವನ್ನು ತಿರುವಿ ಅಡಿಯನ್ನು ಮೊದಲು ಹಾಕತೊಡಗಿತು. ಮೀಟರ್ ಮೊದಲಿರುವ ಡಯಲ್‌ಗೆ ಸಂಗ್ರಾಹಕರಲ್ಲಿ ಹೆಚ್ಚು ಬೇಡಿಕೆ. ಎರಡನೆಯದು ವಾಚಿನ ಕ್ರಮಸಂಖ್ಯೆ. ಈ ಕಾಲದ ರೋಲೆಕ್ಸ್‌ನಲ್ಲಿ ಅದು ಚೈನ್ ಬಿಚ್ಚಿದರೆ ಮಾತ್ರ ಕಾಣುತ್ತದೆ. ಆರರ ಬದಿಯಲ್ಲಿ, ಚೈನ್ ಸಿಕ್ಕಿಸುವ ಎರಡು ಕಾಲುಗಳ ನಡುವೆ ಕ್ರಮಸಂಖ್ಯೆ. ಹನ್ನೆರಡರ ಬದಿಯಲ್ಲಿ ಮಾಡೆಲ್ ಸಂಖ್ಯೆ. 5513ರ ಕಾಲುಗಳಲ್ಲಿ ಆರಪಾರ ತೂತುಗಳಿರುವುದರಿಂದ ಚೈನನ್ನು ಹಿಡಿದಿಡುವ ಸಣ್ಣ ಕಡ್ಡಿಯನ್ನು (ಸ್ಪ್ರಿಂಗ್ ಬಾರ್) ಹೊರಗಿನಿಂದಲೇ ಒತ್ತಿ ಚೈನ್ ಬಿಡಿಸಬಹುದು. ಕಾಲುಗಳಿಗೆ ಮೊದಲು ಅಂಟುಪಟ್ಟಿ ಸುತ್ತಿ, ಉಪಕರಣ ಜಾರಿದರೆ ಗೀರು ಬೀಳದಿರಲಿ. ನಾದಿನಿಯದು ಹದಿನೆಂಟು ಲಕ್ಷದಿಂದ ಆರಂಭವಾಗುವ ಸಂಖ್ಯೆ, ಅಂದರೆ 1968ರ ಆಸುಪಾಸು.

ಮೂರನೆಯದು ಹಿಂಬದಿ ಮುಚ್ಚಳದ ಒಳಮೈ. ಇದನ್ನು ನೀವೇ ತೆಗೆಯಲು ಹೋಗಬೇಡಿ. ಚಾಕುವಿನ ತುದಿಯಲ್ಲಿ ಮೀಟುವ ಅಂಗಡಿಗೂ ಕೊಡಬೇಡಿ. ರೋಲೆಕ್ಸ್ ಮುಚ್ಚಳದ ಅಂಚಿನಲ್ಲಿ ಸಣ್ಣ ಹಲ್ಲುಗಳಿರುತ್ತವೆ, ಅದಕ್ಕೆ ಸರಿಹೊಂದುವ ಕೀಲಿ ಇರುವ ರಿಪೇರಿಯವರ ಬಳಿಯೇ ಹೋಗಿ, ಎದುರಿಗೇ ಕುಳಿತು ತೆಗೆಸಿ. ತೆಗೆದ ಮೇಲೆ ವಾಚನ್ನು ಒಳಗಿನ ಕೋಣೆಗೆ ಒಯ್ಯಲು ಬಿಡಬೇಡಿ. ಆ ಕಾಲದ ಮುಚ್ಚಳಗಳ ಒಳಗೆ ತಯಾರಾದ ತ್ರೈಮಾಸಿಕವನ್ನು ರೋಮನ್ ಅಂಕಿಯಲ್ಲೂ ವರ್ಷವನ್ನು ಎರಡಂಕಿಯಲ್ಲೂ ಮುದ್ರಿಸುತ್ತಿದ್ದರು. ನಮ್ಮದರಲ್ಲಿ ರೋಮನ್ ಒಂದು, ಪಕ್ಕದಲ್ಲಿ 68. ಒಳಗಿನ ಮಷಿನಿನ ಮಾಡೆಲ್ 1520, ಆ ವರ್ಷಕ್ಕೆ ಸರಿಯಾದದ್ದು. ಚೈನಿನ ಬೀಗದ ಒಳತಗಡಿನಲ್ಲೂ 1 ಮತ್ತು 68 ಇತ್ತು. ಡಯಲ್, ಕ್ರಮಸಂಖ್ಯೆ, ಮುಚ್ಚಳ, ಬೀಗ, ನಾಲ್ಕೂ ಒಂದೇ ಸಾಕ್ಷಿ ಹೇಳಿದವು. ನಲವತ್ತು ಸಾವಿರದ ಮಾತು ಅಲ್ಲಿಗೆ ನಿಂತಿತು.

ಮುಳ್ಳು ಮತ್ತು ಡಯಲ್ ಚುಕ್ಕೆಗಳ ಮೇಲಿನ ಹೊಳಪು ಲೇಪವನ್ನೂ ಪರೀಕ್ಷಿಸಬೇಕು. ಆಗ ಲೇಪ ತಾನಾಗಿ ಬೆಳಗಲೆಂದು ಟ್ರಿಟಿಯಂ ಎಂಬ ವಿಕಿರಣಶೀಲ ವಸ್ತು ಬಳಸುತ್ತಿದ್ದರು, ಡಯಲ್‌ನ ತೀರಾ ಕೆಳಗೆ ‘ಸ್ವಿಸ್’ ಪದದ ಜೊತೆ ‘ಟಿ’ ಅಕ್ಷರ ಇದನ್ನೇ ಸೂಚಿಸುತ್ತದೆ. ಟ್ರಿಟಿಯಂನ ಅರ್ಧಾಯುಷ್ಯ 12.3 ವರ್ಷ, ಅಂದರೆ ಅಷ್ಟು ವರ್ಷಕ್ಕೊಮ್ಮೆ ಅದು ಅರ್ಧಕ್ಕಿಳಿಯುತ್ತದೆ. ಹಾಗಾಗಿ 1968ರ ಲೇಪ ಈಗ ಕತ್ತಲಲ್ಲಿ ಬೆಳಗಬಾರದು. ಬೆಳಗದಿದ್ದರೆ ಅದು ದೋಷವಲ್ಲ. ನಕಲಿ ನೋಟು ಹಿಡಿಯಲು ಅಂಗಡಿಗಳಲ್ಲಿಡುವ ನೇರಳಾತೀತ ದೀಪವನ್ನು ಅದರ ಮೇಲೆ ಹಾಯಿಸಿ. ಹಳೆಯ ಟ್ರಿಟಿಯಂ ಲೇಪ ದೀಪವಿದ್ದಾಗ ಮಂಕಾಗಿ ಹೊಳೆದು ದೀಪ ತೆಗೆದ ಕೂಡಲೇ ಆರುತ್ತದೆ. ಈಚಿನ ಲೇಪವಾದರೆ ಬಹಳ ಹೊತ್ತು ಹಸಿರಾಗಿ ಉರಿಯುತ್ತಲೇ ಇರುತ್ತದೆ. ಡಯಲ್ ಆರಿ ಮುಳ್ಳು ಮಾತ್ರ ಉರಿಯುತ್ತಿದ್ದರೆ ಮುಳ್ಳು ಬದಲಾಗಿದೆ ಎಂದೇ ಅರ್ಥ. ಎರಡೂ ಒಂದೇ ಬಗೆಯ ಕೆನೆಬಣ್ಣಕ್ಕೆ ತಿರುಗಿದ್ದರೆ ಸಂತೋಷಪಡಿ.

ಭಾರತದಿಂದ ಮಾರುವವರು ಒಂದು ಮಾತು ತಿಳಿದಿರಬೇಕು. ಹಳೆಯ ವಾಚುಗಳಿಗೆ ಡಯಲ್ ಬಣ್ಣ ಬಳಿದು, ಬ್ರ್ಯಾಂಡಿನ ಹೆಸರು ಮತ್ತೆ ಅಚ್ಚೊತ್ತಿ, ಸಿಕ್ಕ ಬಿಡಿಭಾಗ ಜೋಡಿಸಿ ಮಾರುವ ವ್ಯಾಪಾರ ನಮ್ಮಲ್ಲಿ ದಶಕಗಳಿಂದ ನಡೆದಿದೆ. ಹೊರದೇಶದ ಸಂಗ್ರಾಹಕರು ಅವುಗಳಿಗೆ ‘ಮುಂಬೈ ಸ್ಪೆಷಲ್’ ಎಂದೇ ಹೆಸರಿಟ್ಟಿದ್ದಾರೆ. ಅದರ ಪರಿಣಾಮವಾಗಿ ಇಲ್ಲಿಂದ ಹೋಗುವ ಪ್ರಾಮಾಣಿಕ ವಾಚನ್ನೂ ಅನುಮಾನದಿಂದ ನೋಡುತ್ತಾರೆ. ನನಗೆ ಇದು ನಿಜವಾಗಿಯೂ ನೋವಿನ ಸಂಗತಿ. ನಮ್ಮ ಮನೆಗಳಲ್ಲಿ ಒಬ್ಬರೇ ಕೊಂಡು, ಒಬ್ಬರೇ ಕಟ್ಟಿ, ಜೋಪಾನ ಮಾಡಿದ ಎಷ್ಟೋ ಒಳ್ಳೆಯ ವಾಚುಗಳಿವೆ. ಆ ಅನುಮಾನ ಕಳೆಯುವುದು ಕ್ರಮವಾಗಿ ತೆಗೆದ ಚಿತ್ರಗಳಿಂದ, ಮುಚ್ಚಿಡದ ವಿವರಗಳಿಂದ. ಮರುಬಣ್ಣದ ಡಯಲ್ ಲೆನ್ಸ್‌ನಲ್ಲಿ ಸಿಕ್ಕಿಬೀಳುತ್ತದೆ: ಅಕ್ಷರದ ಅಂಚು ದಪ್ಪವಾಗಿ ಹರಡಿರುತ್ತದೆ, ನಿಮಿಷದ ಗೆರೆಗಳು ಒಂದೆಡೆ ಕಿಕ್ಕಿರಿದು ಇನ್ನೊಂದೆಡೆ ಸಡಿಲವಾಗುತ್ತವೆ, ಚುಕ್ಕೆಗಳು ಗೆರೆಗಳಿಗೆ ನೇರವಾಗಿ ಕೂರುವುದಿಲ್ಲ. ಅಂಥದ್ದು ನಿಮ್ಮದಾದರೆ ಹಾಗೆಂದೇ ಹೇಳಿ ಮಾರಿ.

ಬಿಡಿಭಾಗ ಜೋಡಿಸಿದ ವಾಚು ದೊಡ್ಡ ದೊಡ್ಡವರನ್ನೂ ಏಮಾರಿಸಿದ್ದುಂಟು. 2021ರ ನವೆಂಬರ್‌ನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ ಒಂದು ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಹೆಚ್ಚಿಗೆ ಹೋಯಿತು. ಅದು ಬೇರೆ ಬೇರೆ ವಾಚುಗಳ ಭಾಗಗಳಿಂದ ಕಟ್ಟಿದ್ದು ಎಂದು 2023ರಲ್ಲಿ ಒಮೆಗಾ ಕಂಪನಿಯೇ ತಿಳಿಸಿತು. ಆ ಮೇಲಿಂದ ಸಂಗ್ರಾಹಕರು ಇನ್ನಷ್ಟು ಕಟ್ಟುನಿಟ್ಟಾಗಿದ್ದಾರೆ. ಪಾಟೆಕ್ ಫಿಲಿಪ್ ಎಂಬ ಸ್ವಿಸ್ ವಾಚು ಕಂಪನಿಯಂತೆ ಹಳೆಯ ದಾಖಲೆ ತೆಗೆದು ಪ್ರಮಾಣಪತ್ರ ಕೊಡುವ ಪದ್ಧತಿ ರೋಲೆಕ್ಸ್‌ನಲ್ಲಿ ಇಲ್ಲ. ಆದ್ದರಿಂದ ರೋಲೆಕ್ಸ್ ಮಾರುವವರು ವಾಚಿನೊಳಗಿನ ಸಾಕ್ಷಿಯನ್ನೇ ನಂಬಬೇಕು.

ಕೇಸಿನ ವಿಷಯಕ್ಕೆ ಬರುತ್ತೇನೆ. ಪಾಲಿಶ್ ಎಂದರೆ ಉಕ್ಕನ್ನು ಸವೆಸುವುದು. ಸವೆದದ್ದು ಮರಳಿ ಬರುವುದಿಲ್ಲ. ಚೈನ್ ಸಿಕ್ಕಿಸುವ ಕಾಲುಗಳನ್ನು ಮೇಲಿನಿಂದ ನೋಡಿ: ನಾಲ್ಕೂ ಒಂದೇ ದಪ್ಪವಿರಬೇಕು, ಅಂಚಿನುದ್ದಕ್ಕೂ ಓರೆಯಾಗಿ ಕತ್ತರಿಸಿದ ಸಣ್ಣ ಪಟ್ಟಿ ಕಾಣಬೇಕು. ಪಾಲಿಶ್ ತಿಂದ ಕೇಸಿನಲ್ಲಿ ಕಾಲುಗಳು ತೆಳುವಾಗಿ, ಆ ಓರೆಪಟ್ಟಿ ಮಾಯವಾಗಿ, ತೂತುಗಳು ಅಂಚಿಗೆ ಹತ್ತಿರ ಬಂದಿರುತ್ತವೆ. ಗೀರು, ಜಜ್ಜು ಇರಲಿ. ಎಂಜಿನ್ ಕೋಣೆಯ ಕಬ್ಬಿಣಕ್ಕೆ ತಾಗಿ ಆದ ಗೀರಿಗೆ ಸಂಗ್ರಾಹಕರು ಬೆಲೆ ಇಳಿಸುವುದು ಕಡಿಮೆ. ಅದನ್ನು ಅಳಿಸಿದ್ದಕ್ಕೆ ಬಹಳ ಇಳಿಸುತ್ತಾರೆ. ಗಾಜಿನ ಸುತ್ತ ತಿರುಗುವ ಬಳೆಯ (ಬೆಜೆಲ್) ಕಪ್ಪು ಬಣ್ಣ ಬಿಸಿಲಿಗೆ ಬೂದಿಯಾಗಿದ್ದರೂ ಅದೇ ಮಾತು. ಮುಚ್ಚಳದ ಹಿಂದೆ ಹೆಸರು, ತಾರೀಖು ಕೆತ್ತಿಸಿದ್ದರೆ ಉಜ್ಜಿ ಅಳಿಸಬೇಡಿ. ಹಾಲಿವುಡ್ ನಟ ಪಾಲ್ ನ್ಯೂಮನ್ ಕಟ್ಟಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕಿನಲ್ಲಿ 1.77 ಕೋಟಿ ಡಾಲರಿಗೂ ಹೆಚ್ಚಿಗೆ ಮಾರಾಟವಾಯಿತು. ಅದರ ಬೆನ್ನ ಮೇಲೆ, ಗಾಡಿ ಜೋಪಾನವಾಗಿ ಓಡಿಸು ಎಂದು ಹೆಂಡತಿ ಕೆತ್ತಿಸಿಕೊಟ್ಟ ಮಾತು ಹಾಗೆಯೇ ಇತ್ತು.

ಮಾರುವ ಮುಂಚೆ ಸರ್ವಿಸ್ ಮಾಡಿಸಬೇಕೇ ಎಂದು ಎಲ್ಲರೂ ಕೇಳುತ್ತಾರೆ. ನನ್ನ ಅಭಿಪ್ರಾಯ: ಬೇಡ. ಅಧಿಕೃತ ಸರ್ವಿಸ್ ಕೇಂದ್ರಗಳು ವಾಚು ಹೊಸದರಂತೆ ನಡೆಯಲಿ ಎಂಬ ಉದ್ದೇಶದಿಂದ ಹಳೆಯ ಡಯಲ್, ಮುಳ್ಳು, ಬೆಜೆಲ್ ಬದಲಿಸಲು ಸೂಚಿಸುವುದುಂಟು. ಅವರ ದೃಷ್ಟಿಯಲ್ಲಿ ಅದು ಸರಿ. ನಿಮ್ಮ ದೃಷ್ಟಿಯಲ್ಲಿ ಬೆಲೆಯ ಬಹುಪಾಲು ಅವರ ಮೇಜಿನ ಮೇಲೆ ಉಳಿದುಹೋಯಿತು. ಕೊಳ್ಳುವವರಿಗೆ ತಮ್ಮದೇ ನಂಬಿಕೆಯ ಕೆಲಸಗಾರರಿರುತ್ತಾರೆ. ಸರ್ವಿಸ್ ಆಗಿ ಎಷ್ಟೋ ವರ್ಷವಾಗಿದ್ದರೆ ಒಳಗಿನ ಎಣ್ಣೆ ಒಣಗಿರುತ್ತದೆ, ದಿನವೂ ನಡೆಸಿದರೆ ಹಲ್ಲುಗಾಲಿಗಳ ಅಚ್ಚು ಸವೆಯುತ್ತದೆ. ಪರೀಕ್ಷೆಗೆ ಬೇಕಾದಷ್ಟು ಹೊತ್ತು ಮಾತ್ರ ನಡೆಸಿ. ನೀರಿನಲ್ಲಿ ಮುಳುಗುವವರ ವಾಚು ತಾನೇ ಎಂದು ತೊಳೆಯಲು ಹೋಗಬೇಡಿ. ಕರಾವಳಿಯ ಮಳೆಗಾಲದಲ್ಲಂತೂ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆಗಿಡಿ. ಡಯಲ್ ಹಾಳುಮಾಡುವುದು ತೇವ.

ನಂತರ ಕಾಗದಪತ್ರ. ಮೂಲ ಡಬ್ಬಿ, ಗ್ಯಾರಂಟಿ ಕಾಗದ, ರಸೀದಿ ಇದ್ದರೆ ಅದೃಷ್ಟ. ಇಲ್ಲದಿದ್ದರೂ ಕೈಚೆಲ್ಲಬೇಡಿ, ಮನೆ ಜಾಲಾಡಿ. ನಾದಿನಿಯ ಮನೆಯ ಟ್ರಂಕಿನಲ್ಲಿ ಯಜಮಾನರ ಸಿಡಿಸಿ ಸಿಕ್ಕಿತು, ಹಡಗಿನವರ ಸೇವಾ ಪುಸ್ತಕ. ಯಾವ ಹಡಗಿಗೆ ಯಾವ ಬಂದರಿನಲ್ಲಿ ಹತ್ತಿದರು, ಎಲ್ಲಿ ಇಳಿದರು ಎಂಬುದಕ್ಕೆ ಅದರಲ್ಲಿ ಮೊಹರು, ತಾರೀಖು. 1968ರಲ್ಲಿ ಸಿಂಗಪುರದಲ್ಲಿ ಇಳಿದ ನಮೂದು ಅಲ್ಲಿತ್ತು. ಡೆಕ್ ಮೇಲೆ ತೋಳು ಮಡಚಿ ನಿಂತ ಒಂದು ಕಪ್ಪುಬಿಳುಪು ಫೋಟೊದಲ್ಲಿ ಮಣಿಕಟ್ಟಿನ ಮೇಲೆ ಅದೇ ವಾಚು. ಹಳೆಯ ರಿಪೇರಿ ಚೀಟಿ, ಊರಿಗೆ ಬರೆದ ಪತ್ರದಲ್ಲಿ ವಾಚು ಕೊಂಡೆ ಎಂಬ ಒಂದು ಸಾಲು, ಕಿತ್ತುಹಾಕಿದ ಚೈನಿನ ಕೊಂಡಿಗಳು, ಬದಲಿಸಿದ ಹಳೆಯ ಗಾಜು, ಯಾವುದನ್ನೂ ಎಸೆಯಬೇಡಿ.

ಚಿತ್ರಗಳನ್ನು ಮೋಡ ಮುಸುಕಿದ ದಿನ ಬಯಲ ಬೆಳಕಿನಲ್ಲಿ ತೆಗೆಯಿರಿ. ಫ್ಲ್ಯಾಷ್ ಬೇಡ, ಬಣ್ಣ ತಿದ್ದುವ ಫಿಲ್ಟರ್ ಬೇಡ. ಡಯಲ್ ನೇರವಾಗಿ, ಡಯಲ್ ಓರೆಯಾಗಿ, ನಾಲ್ಕು ಕಾಲುಗಳು ಒಂದೊಂದಾಗಿ, ಎರಡು ಪಕ್ಕಗಳು, ಮುಚ್ಚಳದ ಹೊರಗು ಒಳಗು, ಮಷಿನ್, ಚೈನಿನ ಬೀಗ, ದೀಪದ ಕೆಳಗೆ ಮತ್ತು ದೀಪ ಆರಿದ ಮೇಲೆ ಡಯಲ್. ಕ್ರಮಸಂಖ್ಯೆಯ ಕೊನೆಯ ಎರಡು ಮೂರು ಅಂಕಿಗಳನ್ನು ಸಾರ್ವಜನಿಕ ಚಿತ್ರದಲ್ಲಿ ಮರೆಮಾಡಿ. ನಿಜವಾದ ಆಸಕ್ತರಿಗೆ ಆಮೇಲೆ ಪೂರ್ತಿ ಕೊಡಿ. ಚಿತ್ರದ ಜೊತೆಗಿನ ಬರಹ ಹೇಗಿರಬೇಕು ಎಂಬುದಕ್ಕೆ ನಾದಿನಿಯ ಪರವಾಗಿ ನಾನು ಬರೆದದ್ದನ್ನೇ ಕೊಡುತ್ತೇನೆ:

“ರೋಲೆಕ್ಸ್ ಸಬ್‌ಮರೀನರ್ 5513. ಮುಚ್ಚಳದ ಒಳಗೆ 1968ರ ಮೊದಲ ತ್ರೈಮಾಸಿಕದ ಮುದ್ರೆ. ಮೊದಲ ಮಾಲೀಕರ ಪತ್ನಿ ಮಾರುತ್ತಿದ್ದಾರೆ. ಮೀಟರ್ ಮೊದಲಿರುವ ಮ್ಯಾಟ್ ಡಯಲ್. ಏಳರ ಚುಕ್ಕೆಯ ಅಂಚಿನಲ್ಲಿ ಲೇಪ ಸ್ವಲ್ಪ ಉದುರಿದೆ. ಮುಳ್ಳುಗಳು ಡಯಲ್‌ಗೆ ಹೊಂದುತ್ತವೆ. ಗಾಜು ಮತ್ತು ಕೀ ಕೊಡುವ ಕ್ರೌನ್ ಬದಲಾಗಿವೆ. ಮನೆಯಲ್ಲಿ ಪಾಲಿಶ್ ಮಾಡಿಸಿದ ನೆನಪಿಲ್ಲ. 7206 ರಿವೆಟ್ ಚೈನ್, ಸಡಿಲವಾಗಿದೆ, ಬೀಗದಲ್ಲಿ 1 68. ನಡೆಯುತ್ತಿದೆ, ದಿನಕ್ಕೆ ಸುಮಾರು 12 ಸೆಕೆಂಡು ಮುಂದೆ. ನೀರಿನ ಪರೀಕ್ಷೆ ಮಾಡಿಲ್ಲ. ಡಬ್ಬಿ, ಗ್ಯಾರಂಟಿ ಕಾಗದ ಇಲ್ಲ. ಮಾಲೀಕರ ಸೇವಾ ಪುಸ್ತಕದ ಪುಟ ಮತ್ತು ಫೋಟೊದ ಪ್ರತಿ ಕೊಡಲಾಗುವುದು.”

ಬದಲಾದ ಗಾಜು, ಉದುರಿದ ಲೇಪ ಬರೆದರೆ ಬೆಲೆ ಬಿದ್ದುಹೋಗುತ್ತದೆ ಎಂದು ನಾದಿನಿಯ ಮಗ ಹೆದರಿದ. ಬಂದ ಮೊದಲ ಗಟ್ಟಿ ವಿಚಾರಣೆ ಆ ಸಾಲುಗಳನ್ನು ಓದಿಯೇ ಬಂದದ್ದು. ಲೋಪ ಪಟ್ಟಿಮಾಡಿದವರ ಉಳಿದ ಮಾತನ್ನೂ ಜನ ನಂಬುತ್ತಾರೆ.

ಬೆಲೆ ಗೊತ್ತುಮಾಡುವಾಗ ಅಂತರ್ಜಾಲದಲ್ಲಿ ಕಾಣುವ ಕೇಳಿಕೆ ಬೆಲೆಗಳನ್ನು ನಂಬಬೇಡಿ. ಅವು ಇನ್ನೂ ಮಾರಾಟವಾಗದ ವಾಚುಗಳ ಆಸೆ. ಫಿಲಿಪ್ಸ್, ಕ್ರಿಸ್ಟೀಸ್, ಸದಬೀಸ್ ಹರಾಜುಗಳ ಮುಗಿದ ಫಲಿತಾಂಶಗಳಲ್ಲಿ ನಿಮ್ಮದರಂಥದೇ ಡಯಲ್, ಅದೇ ಕಾಲ, ಅದೇ ಸ್ಥಿತಿಯದನ್ನು ಹುಡುಕಿ. ಆ ಮೊತ್ತಗಳಲ್ಲಿ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಕಾಲು ಭಾಗದಷ್ಟು ಹೆಚ್ಚುವರಿ ಶುಲ್ಕವೂ ಸೇರಿರುತ್ತದೆ, ಮಾರಿದವರ ಕೈಗೆ ಬಂದದ್ದು ಅದಕ್ಕಿಂತ ಕಡಿಮೆ ಎಂಬುದನ್ನು ಕಳೆದು ನೋಡಿ. ವ್ಯಾಪಾರಿಗೆ ಕೊಟ್ಟರೆ ಬೇಗ ಹಣ, ಕಡಿಮೆ ಹಣ. ಹರಾಜಿಗೆ ಕಳಿಸಿದರೆ ತಿಂಗಳುಗಟ್ಟಲೆ ಕಾಯಬೇಕು, ಮಾರಾಟವಾಗದೆ ವಾಪಸ್ಸೂ ಬರಬಹುದು. ನೇರವಾಗಿ ಸಂಗ್ರಾಹಕರಿಗೆ ಮಾರುವುದು ಹೆಚ್ಚು ಶ್ರಮ, ಹೆಚ್ಚು ಬೆಲೆ. ಬೆಂಗಳೂರು, ಮುಂಬೈ, ದಿಲ್ಲಿ, ಚೆನ್ನೈಗಳಲ್ಲಿ ಗಂಭೀರ ಸಂಗ್ರಾಹಕರಿದ್ದಾರೆ. ಒಬ್ಬರಿಗೆ ಬೇಡವಾದರೆ ಬೇಕಾದವರನ್ನು ಅವರೇ ತೋರಿಸುತ್ತಾರೆ. ಆದ್ದರಿಂದ ಕೊಳ್ಳದೆ ಹೋದವರೊಡನೆಯೂ ಮರ್ಯಾದೆಯಿಂದ ಮಾತಾಡಿ.

ನೋಡಲು ಬರುವವರನ್ನು ಮನೆಗೆ ಕರೆಯಬೇಡಿ. ನಿಮ್ಮ ಖಾತೆ ಇರುವ ಬ್ಯಾಂಕ್ ಶಾಖೆಯೇ ಒಳ್ಳೆಯ ಜಾಗ. ಮ್ಯಾನೇಜರಿಗೆ ಮೊದಲೇ ತಿಳಿಸಿ. ಜೊತೆಗೆ ಒಬ್ಬರಿರಲಿ. ಕೊಳ್ಳುವವರು ಲೆನ್ಸ್ ತಂದರೆ, ಮುಚ್ಚಳ ತೆಗೆಸಿ ನೋಡಬೇಕು ಎಂದರೆ ಒಪ್ಪಿ, ಅದಕ್ಕೆ ರಿಪೇರಿಯವರ ಅಂಗಡಿಯಲ್ಲಿ ಇನ್ನೊಂದು ಭೇಟಿ ಇಟ್ಟುಕೊಳ್ಳಿ. ಹಣ ಆರ್‌ಟಿಜಿಎಸ್ ಅಥವಾ ನೆಫ್ಟ್ ಮೂಲಕ ಬರಲಿ. ಫೋನಿನಲ್ಲಿ ಬಂದ ಸಂದೇಶ, ಅವರು ತೋರಿಸಿದ ಸ್ಕ್ರೀನ್‌ಶಾಟ್ ಲೆಕ್ಕಕ್ಕಿಲ್ಲ. ಕೌಂಟರಿನಲ್ಲಿ ಖಾತೆಯ ಬಾಕಿ ಕೇಳಿ, ಬಂದಿದೆ ಎಂದ ಮೇಲೆ ವಾಚು ಕೊಡಿ. ಹಣ ಪಡೆಯಲು ಕ್ಯೂಆರ್ ಸ್ಕ್ಯಾನ್ ಮಾಡಿ ಎಂದವರು, ನಮ್ಮ ಏಜೆಂಟ್ ಬಂದು ಒಯ್ಯುತ್ತಾನೆ ಎಂದವರು, ಕೇಳಿದ್ದಕ್ಕಿಂತ ಹೆಚ್ಚು ಕಳಿಸಿ ಉಳಿದದ್ದು ವಾಪಸ್ ಕೊಡಿ ಎಂದವರು, ಎಲ್ಲರಿಗೂ ನಮಸ್ಕಾರ ಹೇಳಿ ಫೋನಿಡಿ. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ; ಪಡೆದವರಿಗೆ ಪಡೆದಷ್ಟೇ ಮೊತ್ತದ ದಂಡ ಬೀಳಬಹುದು.

ಪರದೇಶದವರಿಗೆ ಮಾರುವುದಾದರೆ ರಫ್ತಿನ ಕಾಗದಪತ್ರ ಬಲ್ಲ ಏಜೆಂಟರ ಮೂಲಕವೇ ಕಳಿಸಿ, ಪೂರ್ಣ ಮೌಲ್ಯಕ್ಕೆ ವಿಮೆ ಸಿಗುತ್ತದೆಯೇ ಎಂದು ಮೊದಲೇ ಬರಹದಲ್ಲಿ ಕೇಳಿ. ಮೊಸಳೆ ಚರ್ಮದ ಬೆಲ್ಟ್ ಇದ್ದರೆ ಬಿಚ್ಚಿ ಇಟ್ಟುಕೊಳ್ಳಿ. ಅದಕ್ಕೆ ವನ್ಯಜೀವಿ ವ್ಯಾಪಾರದ ನಿರ್ಬಂಧಗಳಿವೆ. ನೂರು ವರ್ಷ ದಾಟಿದ ಗಡಿಯಾರ 1972ರ ಪ್ರಾಚೀನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದ ಹೊರಗೆ ಕಳಿಸುವಂತಿಲ್ಲ. ಮುತ್ತಜ್ಜನ ಜೇಬುಗಡಿಯಾರ ಇರುವವರು ಇದನ್ನು ಗಮನಿಸಿ.

ಕೊನೆಗೆ ರಸೀದಿ. ಮಾಡೆಲ್, ಕ್ರಮಸಂಖ್ಯೆ, ಮಷಿನ್ ಸಂಖ್ಯೆ, ಮೊತ್ತ, ತಾರೀಖು, ಇಬ್ಬರ ಪ್ಯಾನ್, ಇದ್ದ ಸ್ಥಿತಿಯಲ್ಲೇ ಪರೀಕ್ಷಿಸಿ ಕೊಂಡಿದ್ದೇನೆ ಎಂಬ ಒಂದು ಸಾಲು, ಮೇಲಿನ ವಿವರಣೆಯ ಪ್ರತಿ. ಎರಡು ಪ್ರತಿಗೂ ಇಬ್ಬರೂ ಸಹಿ ಹಾಕಲಿ. ವೈಯಕ್ತಿಕ ಬಳಕೆಯ ವಸ್ತುಗಳಿಗೂ ಆಭರಣಕ್ಕೂ ತೆರಿಗೆಯ ನಿಯಮ ಬೇರೆ. ಚಿನ್ನದ ವಾಚಾದರೆ ಅದನ್ನು ಯಾವುದರಲ್ಲಿ ಸೇರಿಸಬೇಕು ಎಂಬ ಪ್ರಶ್ನೆ ಬರುತ್ತದೆ, ಹಾಗಾಗಿ ಆ ವರ್ಷದ ರಿಟರ್ನ್ ಸಲ್ಲಿಸುವ ಮೊದಲೇ ರಸೀದಿಯ ಪ್ರತಿ, ಒಪ್ಪಿಗೆ ಪತ್ರ, ಬ್ಯಾಂಕ್ ವಿವರ ಮೂರನ್ನೂ ನಿಮ್ಮ ಆಡಿಟರ ಕೈಗೆ ಕೊಡಿ. ಮೂಲ ರಸೀದಿ, ಚಿತ್ರಗಳ ಒಂದು ಪ್ರತಿ ನಿಮ್ಮ ಕಡತದಲ್ಲೇ ಇರಲಿ. ಮುಂದೆ ಆ ವಾಚನ್ನು ಕೊಳ್ಳುವ ಬೇರೊಬ್ಬರು ಅದರ ಹಿನ್ನೆಲೆ ಕೇಳಿ ನಿಮಗೇ ಪತ್ರ ಬರೆಯಬಹುದು.